ಕಿವಿ ಮುರಿದ ಕಪ್ಪು

ಹಾವೇರಿ

ಚಿ. ಸುಮಾಗೆ ಕಾಕಾನ ಆಶೀರ್ವಾದ.

ನಿನ್ನ ಪತ್ರದ ಒಂದು ಸಾಲು ಎರಡು ರಾತ್ರಿ ನಿದ್ದೆ ಕೆಡಿಸಿದೆ. ಆಫೀಸಿನಲ್ಲಿ ಕಸ ಗುಡಿಸುವ ಆಯಿಗೆ ಚಹಾ ಕುಡಿಯಲು ಬೇರೆ ಕಪ್ಪು ಇಟ್ಟದ್ದನ್ನು ಕಂಡೂ ಸುಮ್ಮನಿದ್ದೆ, 'ಇನ್ನ ನಾ ಯಾವತ್ತೂ ಬಾಯಿ ಬಿಡಾಕಿ ಅಲ್ಲ ಅನಸ್ತದ ಕಾಕಾ' ಅಂತ ಬರೆದಿದ್ದೀ. ಸುಮ್ಮನಿದ್ದದ್ದಕ್ಕಿಂತ ಆ 'ಯಾವತ್ತೂ' ಅನ್ನೋ ಮಾತಿಗೇ ನಾನು ಜಾಸ್ತಿ ಹೆದರಿದೆ.

1893ರ ಜೂನ್ 7ರ ರಾತ್ರಿ ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್ ಸ್ಟೇಷನ್ನಿನಲ್ಲಿ ಗಾಂಧಿಯನ್ನು ಫಸ್ಟ್ ಕ್ಲಾಸ್ ಡಬ್ಬಿಯಿಂದ ಹೊರಹಾಕಿದ್ದು ನಿನಗೆ ಗೊತ್ತು. ಆಮೇಲೆ ಏನಾಯಿತು? ಅಲ್ಲಿ ಆಗ ಚಳಿಗಾಲ. ಅವರ ಕೋಟು ರೈಲ್ವೆಯವರ ಕೈಗೆ ಹೋದ ಸಾಮಾನಿನಲ್ಲಿತ್ತು. ಕೇಳಿದರೆ ಮತ್ತೆ ಅವಮಾನ ಮಾಡಿಯಾರು ಅಂತ ಕೇಳಲಿಲ್ಲ. ವೇಟಿಂಗ್ ರೂಮಿನಲ್ಲಿ ನಡುಗುತ್ತ ಕೂತರು. ತಮ್ಮದೇ ಕೋಟು ನೋಡು! ಜೋಹಾನ್ಸ್‌ಬರ್ಗ್‌ನಲ್ಲಿ ಜನರ ಜೊತೆ ನಿಂತು, ಭಾರತೀಯರು ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕು ಅನ್ನೋ ಕಾಯ್ದೆ ಪಾಲಿಸುವುದಿಲ್ಲ ಅಂತ ಆಣೆ ಮಾಡಿದ್ದು 1906ರಲ್ಲಿ. (ಮೊದಮೊದಲು ಅವರಿಗೂ ಅಲ್ಲಿನ ಕರಿಯರ ಕಷ್ಟ ಕಾಣಲಿಲ್ಲ, ಅದು ಬೇರೆ ಮಾತು.)

ಅಮೆರಿಕದ ಕರಿಯ ಹೆಣ್ಣುಮಗಳು ರೋಸಾ ಪಾರ್ಕ್ಸ್‌ಗೆ 1943ರಲ್ಲಿ ಒಬ್ಬ ಡ್ರೈವರ್ ಹಿಂದಿನ ಬಾಗಿಲಿಂದ ಹತ್ತು ಅಂತ ಗದರಿಸಿದ. ಅವರು ಬಸ್ಸಿಂದ ಇಳಿದುಬಿಟ್ಟರು. 1955ರ ಡಿಸೆಂಬರ್ 1ರಂದು ಅದೇ ಡ್ರೈವರ್ ಬಿಳಿಯನಿಗೆ ಸೀಟು ಬಿಡು ಅಂದ. ಏಳಲಿಲ್ಲ. ಮಾಂಟ್‌ಗೊಮೆರಿಯ ಕರಿಯರು 381 ದಿನ ಬಸ್ಸು ಹತ್ತಲಿಲ್ಲ. ಅದೇ ಊರಲ್ಲಿ ಒಂಬತ್ತು ತಿಂಗಳು ಮೊದಲೇ ಕ್ಲಾಡೆಟ್ ಕಾಲ್ವಿನ್ ಅನ್ನೋ 15 ವರ್ಷದ ಹುಡುಗಿ ಏಳದೆ ಕೂತಿದ್ದಳು. ಎಲ್ಲರಿಗೂ ಅದು ಆಗೋದಿಲ್ಲ. ನಡುವೆ ಹನ್ನೆರಡು ವರ್ಷ ಹಿಡಿದವರೂ ಇದ್ದಾರೆ ಅಂತ ಹೇಳ್ತಿದ್ದೀನಿ, ಅಷ್ಟೇ.

ನನ್ನದು ಹನ್ನೆರಡಕ್ಕೆ ಮುಗಿಯಲಿಲ್ಲ. 1972ರಲ್ಲಿ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ದಿದ್ದೆವು. ಹಿಂದಿನ ವಾರವಷ್ಟೇ ಧಾರವಾಡದಲ್ಲಿ ಗಾಂಧಿ ಮೇಲೆ ಭಾಷಣ ಮಾಡಿ ಸ್ಟೀಲಿನ ಲೋಟ ಗೆದ್ದಿದ್ದೆ. ದಾರಿಯಲ್ಲಿ ಚಹಾದಂಗಡಿ. ನನಗೆ ಕಪ್ಪು-ಬಸಿ ಬಂತು. ನಮ್ಮ ಬಂಡಿ ಹೊಡೆಯುವ ಮುದುಕ ಹೊರಗೆ ಕಿಟಕಿ ಕಟ್ಟೆಯ ಮೇಲಿದ್ದ ಕಿವಿ ಮುರಿದ ಕಪ್ಪನ್ನು ತಾನೇ ತಗೊಂಡ, ಚಹಾ ಮೇಲಿಂದ ಹೊಯ್ಯಿಸಿಕೊಂಡ, ಕುಡಿದು ತೊಳೆದು ಬೋರಲು ಹಾಕಿದ. 'ಸಣ್ಣ ಧಣ್ಯಾರ, ಹೊತ್ತಾತು' ಅಂದ. ಅಸ್ಪೃಶ್ಯತೆ ಅಪರಾಧ ಅಂತ ಕಾಯ್ದೆ ಬಂದದ್ದು 1955ರಲ್ಲಿ, ಅದನ್ನೂ ಭಾಷಣದಲ್ಲಿ ಹೇಳಿದ್ದೆ. ಅಲ್ಲಿ ಒಂದು ಮಾತು ಬರಲಿಲ್ಲ. ನಾಳೆ ಅಂದೆ, ಮುಂದಿನ ಸುಗ್ಗಿಗೆ ಅಂದೆ. ಮುದುಕ ತೀರಿಕೊಂಡ. ನೋಡು, 'ಯಾವತ್ತೂ' ಆಗೋದು ಹೀಗೆ, ಯಾರೂ ಅದನ್ನು ಬರೆದು ಕಳಿಸೋದಿಲ್ಲ. ನೀನು ಬರೆದಿದ್ದೀ.

ಹೇಳೋಕೆ ನನಗೇನು ಹಕ್ಕಿದೆಯೋ. ಮೊದಲು ಆ ಆಯಿಯನ್ನೇ ಕೇಳು, ಅವಳ ಕೆಲಸಕ್ಕೆ ಕುತ್ತು ಬರಬಾರದು. ಸಾಹೇಬರ ಹತ್ತಿರ ಒಬ್ಬಳೇ ಹೋಗಬೇಡ. ಅದೂ ಆಗದಿದ್ದರೆ ನಾಳೆ ನಿನ್ನ ಚಹಾನೂ ಅದೇ ಕಪ್ಪಿನಲ್ಲಿ ಕುಡಿ. ಸರಿಯೋ ತಪ್ಪೋ ಗೊತ್ತಿಲ್ಲ.

ಆ ಸ್ಟೀಲಿನ ಲೋಟ ಇನ್ನೂ ಮನೆಯಲ್ಲಿದೆ. ನಿನ್ನ ಕಾಕು ಅದರಲ್ಲಿ ಅಕ್ಕಿ ಅಳೀತಾಳೆ.

ನಿನ್ನ ಕಾಕಾ