ಮತ್ತೆ ತೋಡಿ ನುಡಿಸಿದ ಮೇಲೆ

ನವರಾತ್ರಿಯ ಮೂರನೆಯ ದಿನ ನಮ್ಮೂರ ದೇವಸ್ಥಾನದಲ್ಲಿ ಸ್ಯಾಕ್ಸೊಫೋನಿನಲ್ಲಿ ವರ್ಣದಿಂದ ಮಂಗಳದವರೆಗೆ ಪೂರ್ತಿ ಕಛೇರಿ ನುಡಿಸಿದೆ. ತೋಡಿಯನ್ನೇ ಮುಖ್ಯ ರಾಗವಾಗಿ ಎತ್ತಿಕೊಂಡೆ. ಮುಖದ ಎಡಭಾಗಕ್ಕೆ ಪಾರ್ಶ್ವವಾಯು ಬಡಿದ ಮೇಲೆ ಇದೇ ನನ್ನ ಮೊದಲ ಪೂರ್ಣ ಕಛೇರಿ. ಇದಕ್ಕೆ ಕಾರಣರಾದವರಿಗೆ ಎಲ್ಲರೆದುರೇ ಕೈಮುಗಿಯಬೇಕೆನಿಸಿತು.

ಸ್ಯಾಕ್ಸೊಫೋನಿನಲ್ಲಿ ಬೆರಳಿಗಿರುವಷ್ಟೇ ಕೆಲಸ ತುಟಿಗೂ ಇದೆ. ಊದಿದಾಗ ಕಂಪಿಸಿ ನಾದ ಕೊಡುವ ತೆಳು ಪಟ್ಟಿಯಾದ ರೀಡಿಗೆ ಕೆಳತುಟಿ ಆಸರೆಯಾಗಬೇಕು, ಬಾಯಿಯ ಎರಡೂ ಅಂಚು ಬಿಗಿಯಾಗಿ ಮುಚ್ಚಿರಬೇಕು. ಸ್ವರವನ್ನು ತೂಗಿ ಬಳುಕಿಸುವ ಗಮಕವಂತೂ ಅರ್ಧ ತೆರೆದ ಕೀ, ತುಟಿ, ದವಡೆ ಎಲ್ಲವೂ ಒಟ್ಟಿಗೆ ದುಡಿದರೆ ಮಾತ್ರ ಒಲಿಯುತ್ತದೆ. ನನಗೆ ಎಡ ಅಂಚಿನಿಂದ ಗಾಳಿ ಸೋರುತ್ತಿತ್ತು. ತೋಡಿಯ ಗಾಂಧಾರ ತೂಗುವುದಿರಲಿ, ಬರೀ ಷಡ್ಜವೇ ನಿಲ್ಲುತ್ತಿರಲಿಲ್ಲ. ಕನ್ನಡಿಯ ಮುಂದೆ ಕೂರಿಸಿ ಹುಬ್ಬು, ಕಣ್ಣು, ತುಟಿಗಳಿಗೆ ತಾಳ್ಮೆಯಿಂದ ವ್ಯಾಯಾಮ ಕಲಿಸಿದ ಫಿಸಿಯೊಥೆರಪಿಸ್ಟ್ ಅವರಿಗೆ ನಾನು ಋಣಿ. ಅವಸರಪಟ್ಟು ಊದಬೇಡಿ ಎಂಬ ಅವರ ಮಾತೇ ನನ್ನನ್ನು ಕಾಪಾಡಿತು.

ಶಿಷ್ಯರ ಬಗ್ಗೆ ಬರೆಯಲು ಹೊರಟರೆ ಕಣ್ಣು ತುಂಬುತ್ತದೆ. ಒಪ್ಪಿಕೊಂಡಿದ್ದ ಮದುವೆ, ಜಾತ್ರೆಗಳನ್ನೆಲ್ಲ ಅವರೇ ನಿಭಾಯಿಸಿದರು; ಸಂಭಾವನೆಯ ಲಕೋಟೆಯನ್ನು ಒಡೆಯದೆ ನಮ್ಮ ಮನೆಗೆ ತಂದುಕೊಟ್ಟರು. ಪಾಠವನ್ನೂ ನಿಲ್ಲಿಸಗೊಡಲಿಲ್ಲ. "ಗುರುಗಳೇ, ನೀವು ಹಾಡಿ ತೋರಿಸಿ, ನಾವು ನುಡಿಸುತ್ತೇವೆ" ಎಂದರು. ತುಟಿ ಕೂಡದೆ ಮಧ್ಯಮ, ಪಂಚಮಗಳ 'ಮ', 'ಪ' ಎಂಬ ಹೆಸರೇ ಬಾಯಿಂದ ಸರಿಯಾಗಿ ಹೊರಡುತ್ತಿರಲಿಲ್ಲ. ಹಾಗಾಗಿ ಸ್ವರದ ಹೆಸರು ಬಿಟ್ಟು 'ಆ' ಎನ್ನುತ್ತ ಅಕಾರದಲ್ಲೇ ಹಾಡಿದೆ. ಅವರು ಕಿವಿಗೊಟ್ಟು ಕೇಳಿ ಒಂದೊಂದು ಸಂಚಾರವನ್ನೂ ವಾದ್ಯಕ್ಕೆ ತಂದರು. ನನ್ನ ಎಷ್ಟೋ ವರ್ಷಗಳ ಪಾಠದಲ್ಲಿ ಅವರ ನುಡಿಸಾಣಿಕೆ ಇಷ್ಟು ಮಾಗಿದ್ದನ್ನು ನಾನು ಕಂಡಿರಲಿಲ್ಲ.

ಆ ದಿನಗಳಲ್ಲಿ ಸ್ಯಾಕ್ಸೊಫೋನ್ ವಿದ್ವಾಂಸ ಕದ್ರಿ ಗೋಪಾಲನಾಥರನ್ನು ಮತ್ತೆ ಮತ್ತೆ ನೆನೆದೆ. ಸಜೀಪಮೂಡದ ನಾಗಸ್ವರದ ಮನೆಯಲ್ಲಿ ಬೆಳೆದು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ವಾದ್ಯಕ್ಕೆ ಮನಸೋತವರು ಅವರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಿಂದ ಕಲಿತರು. ಆಮೇಲೆ ಮದರಾಸಿನಲ್ಲಿ ಅವರನ್ನು ತಿದ್ದಿದ ಟಿ.ವಿ. ಗೋಪಾಲಕೃಷ್ಣನ್ ಹಾಡುಗಾರರು, ಮೃದಂಗ ವಿದ್ವಾಂಸರು. ಆ ಗಾಯನದ ಗಮಕವೇ 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ವರೆಗೂ ಹೋಯಿತು. ಕರಾವಳಿಯಲ್ಲಿ ಈ ವಾದ್ಯವನ್ನೇ ನಂಬಿ ನನ್ನಂಥವರು ಬದುಕು ಕಟ್ಟಿಕೊಂಡದ್ದು ಅವರು ತೋರಿದ ದಾರಿಯಲ್ಲಿ. 2019ರಲ್ಲಿ ಅವರು ತೀರಿಕೊಂಡರು. ಅವರಿಗೆ ಸಲ್ಲಬೇಕಾದ ನಮಸ್ಕಾರ ಇನ್ನೂ ಬಾಕಿಯೇ ಇದೆ.

ನನ್ನ ಉಸಿರಿನ ಅಳತೆ ಅರಿತು ಪಲ್ಲವಿಯಲ್ಲಿ ಹೆಚ್ಚು ಆವರ್ತನಗಳನ್ನು, ಅಂದರೆ ತಾಳದ ಸುತ್ತುಗಳನ್ನು, ತಾವೇ ವಹಿಸಿಕೊಂಡ ಪಿಟೀಲು, ತವಿಲ್, ಮೃದಂಗದ ವಿದ್ವಾಂಸರಿಗೆ, ವೇದಿಕೆಗೆ ಮತ್ತೆ ಕರೆದ ದೇವಸ್ಥಾನದ ಸಮಿತಿಯವರಿಗೆ, ನನ್ನ ಸಿಡುಕನ್ನೆಲ್ಲ ಸಹಿಸಿದ ಹೆಂಡತಿಗೆ ಹೃತ್ಪೂರ್ವಕ ವಂದನೆಗಳು.

ವಿಜಯದಶಮಿಯಂದು ಹೊಸಬರಿಗೆ ಪಾಠ ಆರಂಭಿಸುತ್ತೇನೆ. ವಾದ್ಯ ಕೊಂಡಿಲ್ಲವೆಂದು ಯಾರೂ ಹಿಂಜರಿಯಬೇಡಿ. ಮೊದಲ ಕೆಲವು ತಿಂಗಳು ಎಲ್ಲರಿಗೂ ಹಾಡುವುದನ್ನೇ ಕಲಿಸುತ್ತೇನೆ.