ಗುಂಡ ಸೌತೆಕಾಯಿ ತಿಂದ

ಗುಂಡ ಅಂದರೆ ನಮ್ಮ ಮನೆ ತೊಟ್ಟಿಯ ಸಕ್ಕರ್ ಮೀನು, ಊಟ ಬಿಟ್ಟು ಕೂತಿದ್ದ. ತಿಂದನಾ ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ: ಹೌದು, ತಿಂದ. ಸಿಪ್ಪೆ ಮಾತ್ರ ಉಳಿಸಿದ್ದಾನೆ. ಹೊಟ್ಟೆ ಇನ್ನೂ ಸ್ವಲ್ಪ ಒಳಗೆ ಹೋಗಿದೆ, ಬಣ್ಣ ಪೂರ್ತಿ ಬಂದಿಲ್ಲ. ಆದರೆ ಲೈಟ್ ಆರಿಸಿದ ಮೇಲೆ ಗಾಜಿಗೆ ಬಾಯಿ ಹಚ್ಚಿಕೊಂಡು ಓಡಾಡುತ್ತಿದ್ದಾನೆ. ಹೇಗೆ ಶುರುವಾಯಿತು, ಎಷ್ಟು ದಿನ ಉಪವಾಸ ಇದ್ದ ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು, ಅದಕ್ಕೆ ಬರೆಯುತ್ತಿದ್ದೇನೆ.

ಡ್ರಮ್ಮಿನಲ್ಲಿ ಹಿಡಿದಿಟ್ಟ ನೀರು ಕೊಟ್ಟ ನಿಟುವಳ್ಳಿ ಗೆಳೆಯರು, ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಬ್ಯಾಟರಿ ಪಂಪ್ ತಂದುಕೊಟ್ಟ ಅಕ್ವೇರಿಯಂ ಅಂಗಡಿಯ ಅಣ್ಣ, ಮೀನಿನ ವಿಷಯ ಅಂದರೂ ನಗದೆ ಪೂರ್ತಿ ಕೇಳಿಸಿಕೊಂಡ ಪಶುವೈದ್ಯರು: ನಿಮ್ಮನ್ನೆಲ್ಲ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಚಿಕ್ಕಪ್ಪನ ಮಗಳಿಗೆ ಒಂದು ಸಾಲು ಸಾಲದು. ನಾನು ಕಂಡ ಕಂಡ ಔಷಧಿ ಬಾಟಲಿಯ ಫೋಟೋ ಕಳಿಸುತ್ತಿದ್ದೆ. "ಅಣ್ಣ, ಔಷಧಿ ಆಮೇಲೆ. ಮೊದಲು ನೀರು ನೋಡು" ಅಂದಳು. ಮೀನಿನ ಹೊಲಸಿನಿಂದ ನೀರಿಗೆ ಸೇರುವ ವಿಷ ಅಮೋನಿಯಾ, ಅದು ಸೊನ್ನೆ ಇರಬೇಕು, ನಮ್ಮಲ್ಲಿ ಸೊನ್ನೆ ಇರಲಿಲ್ಲ. ಕಾಲು ಭಾಗ ನೀರು ಬದಲಿಸು, ಕೊಳಾಯಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕು, ತಾಮ್ರ ಇರುವ ಔಷಧಿ ಬೇಡವೇ ಬೇಡ ಅಂತ ಒಂದೊಂದಾಗಿ ಹೇಳಿದಳು. ದಾವಣಗೆರೆ ಬೇಸಿಗೆಯ ಲೆಕ್ಕವನ್ನೂ ಅವಳೇ ಬಿಡಿಸಿದ್ದು. 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ, 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ನಮ್ಮ ತೊಟ್ಟಿಯ ನೀರು ಅದಕ್ಕಿಂತಲೂ ಬಿಸಿ ಇತ್ತು. ಸೌತೆಕಾಯಿ ಬಿಲ್ಲೆಯನ್ನು ಕುದಿಯುವ ನೀರಲ್ಲಿ ಅದ್ದಿ, ಸ್ಟೀಲ್ ಚಮಚಕ್ಕೆ ಚುಚ್ಚಿ ತಳಕ್ಕೆ ಬಿಡೋದು, ಅದೂ ಕತ್ತಲಾದ ಮೇಲೆ, ತಿನ್ನದಿದ್ದರೆ ಬೆಳಿಗ್ಗೆ ಮರೆಯದೆ ತೆಗೆಯೋದು, ಇದೂ ಅವಳದೇ ಪಾಠ.

"ಕುಂದವಾಡ ಕೆರೆಗೆ ಬಿಟ್ಟುಬಿಡಿ, ಬದುಕಿಕೊಳ್ಳುತ್ತೆ" ಅಂತ ಹೇಳಿದವರೂ ಇದ್ದರು. ಪ್ರೀತಿಯಿಂದಲೇ ಹೇಳಿದಿರಿ. ಆದರೆ ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಬದುಕಿಕೊಳ್ಳುತ್ತೆ ಅನ್ನೋದೇ ತೊಂದರೆ. ದಡದಲ್ಲಿ ಬಿಲ ತೋಡಿ ಮರಿ ಮಾಡುತ್ತೆ, ಮುಳ್ಳಿನಿಂದ ಬಲೆ ಹರಿಯುತ್ತೆ, ಊರಿನ ಮೀನಿಗೆ ಜಾಗ ಬಿಡಲ್ಲ. ಜೊತೆಗೆ ಅದು ನಾವು ಕುಡಿಯೋ ನೀರಿನ ಕೆರೆ.

ಇನ್ನು ಕೆಳಗಿನ ಮನೆ ಕಾಕಾ.

ಕಾಕಾ ಮೀನು ಮುಟ್ಟುವವರಲ್ಲ. ನಮ್ಮ ಮನೆಗೆ ಬಂದರೆ ತೊಟ್ಟಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಗಾಳಿ ಮಳೆಗೆ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟ ರಾತ್ರಿ ಫಿಲ್ಟರೂ ನಿಂತಿತು, ಪಂಪೂ ನಿಂತಿತು. ಗುಂಡ ಮತ್ತೆ ಮತ್ತೆ ಮೇಲೆ ಬಂದು ಗಾಳಿ ನುಂಗುತ್ತಿದ್ದ. ಈ ಜಾತಿಯ ಮೀನು ಗಾಳಿ ನುಂಗಿ ಹೊಟ್ಟೆಯಲ್ಲೇ ಉಸಿರು ಹೀರಿಕೊಳ್ಳುತ್ತದಂತೆ, ನೀರು ಕೆಟ್ಟಾಗಿನ ಕೊನೆಯ ಉಪಾಯ ಅದು. ಟಾರ್ಚ್ ಬೆಳಕು ಅತ್ತಿತ್ತ ಆಡುವುದನ್ನು ನೋಡಿ ಕಾಕಾ ಮೆಟ್ಟಿಲು ಹತ್ತಿ ಬಂದರು. ಮಂಗಳೂರಿನಿಂದ ಫೋನಿನಲ್ಲಿ ತಂಗಿ ಹೇಳುತ್ತಿದ್ದಳು: ಮುಚ್ಚಿದ ಫಿಲ್ಟರ್ ಒಳಗೆ ಬಿಟ್ಟರೆ ಸ್ಪಂಜಿನಲ್ಲಿರುವ ಒಳ್ಳೆ ಬ್ಯಾಕ್ಟೀರಿಯಾ ಸಾಯುತ್ತೆ, ಆಮೇಲೆ ಅಮೋನಿಯಾ ಏರುತ್ತೆ. ಸ್ಪಂಜ್ ಹೊರಗೆ ತೆಗಿ, ತೊಟ್ಟಿ ಮೇಲೆ ಹಿಡಿದು ಅದೇ ನೀರನ್ನು ಮಗ್ಗಿನಲ್ಲಿ ಎತ್ತರದಿಂದ ಹೊಯ್ಯುತ್ತಾ ಇರು.

ಕಾಕಾ ಕೇಳಿಸಿಕೊಂಡರು. ತೋಳು ಮಡಿಚಿದರು. ಮಗ್ಗು ನನ್ನ ಕೈಯಿಂದ ಕಿತ್ತುಕೊಂಡರು.

ಊರಿಗೆ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲದಲ್ಲಿ ಹತ್ತಿ ಮಿಲ್ಲಿನಲ್ಲಿ ದುಡಿದವರು ಅವರು. "ಮಿಲ್ಲಿನಾಗೆ ರಾತ್ರಿ ಪಾಳಿ ಮಾಡ್ದೋನಿಗೆ ಇದೇನ್ ದೊಡ್ಡದಲ್ಲ, ನೀ ಮಲ್ಕೋ ಹೋಗು" ಅಂದರು. ನಾನು ಹೋಗಲಿಲ್ಲ. ಸ್ಪಂಜ್ ನಾನು ಹಿಡಿದೆ, ನೀರು ಅವರು ಹೊಯ್ದರು. ಕೈ ಸೋತಾಗ ಅದಲು ಬದಲು. ನಡುನಡುವೆ ಮಿಲ್ಲಿನ ಕತೆ: ದಾರ ತುಂಡಾದರೆ ಹೇಗೆ ಗಂಟು ಹಾಕಬೇಕು, ಯಾವ ಮೇಸ್ತ್ರಿ ಯಾರಿಗೆ ಬೈದ. ಅರ್ಧ ನನಗೆ ಕೇಳಿಸಲೇ ಇಲ್ಲ.

ಒಂದು ಹೊತ್ತಿನಲ್ಲಿ ನಾನು ಅತ್ತೆ. ಹೇಳಿಬಿಡ್ತೀನಿ. ಅಮ್ಮನ ಕೊನೆಯ ತಿಂಗಳುಗಳು ನಿಮಗೆ ಗೊತ್ತು. ಗಂಜಿ ಬಟ್ಟಲು ಹೇಗೆ ಒಳಗೆ ಹೋಯಿತೋ ಹಾಗೇ ಹೊರಗೆ ಬರುತ್ತಿತ್ತು. ಈಗ ಮತ್ತೆ ದಿನಾ ಬೆಳಿಗ್ಗೆ ಮುಟ್ಟದ ಸೌತೆಕಾಯಿ ತೆಗೆದು ಎಸೆಯುತ್ತಿದ್ದೆ. ಇನ್ನೊಂದು ಜೀವ ಊಟ ಬಿಡೋದನ್ನ ನೋಡೋಕೆ ಈ ವರ್ಷ ನನ್ನ ಕೈಲಿ ಆಗ್ತಿರಲಿಲ್ಲ. ಕಾಕಾ ಸಮಾಧಾನ ಹೇಳಲಿಲ್ಲ. ಮೀನಿಗೆ ಇಷ್ಟೊಂದಾ ಅಂತಲೂ ಕೇಳಲಿಲ್ಲ. "ಸ್ಪಂಜು ನೆಟ್ಟಗೆ ಹಿಡಿ, ನೀರು ಹೊರಗೆ ಬೀಳ್ತೈತೆ" ಅಂದರು, ಅಷ್ಟೇ. ನನಗೆ ಆಗ ಬೇಕಿದ್ದದ್ದು ಅದೇ ಅಂತ ಈಗ ಅನ್ನಿಸುತ್ತದೆ.

ಬೆಳಕು ಹರಿದ ಮೇಲೆ ಸ್ನಾನ, ಪೂಜೆ ಮುಗಿಸಿ ಮತ್ತೆ ಮೇಲೆ ಬಂದರು. ಈಗ ದಿನಾ ಬರುತ್ತಾರೆ. ಕೂರುವುದು ಈಗಲೂ ಬೆನ್ನು ಹಾಕಿಯೇ. "ತಿಂದನಾ?" ಅಂತ ಮಾತ್ರ ಕೇಳುತ್ತಾರೆ. ಕಾಕಾ ಇದನ್ನು ಓದುವುದಿಲ್ಲ, ಮೊಮ್ಮಗಳು ಓದಿ ಹೇಳುತ್ತಾಳೆ. ಪುಟ್ಟಿ, ಜೋರಾಗಿ ಓದು: ಕಾಕಾ, ನೀವಿಲ್ಲದಿದ್ದರೆ ಆ ರಾತ್ರಿ ನನ್ನಿಂದ ದಾಟೋಕೆ ಆಗ್ತಿರಲಿಲ್ಲ.

ಇನ್ನೊಂದು ವಿಷಯ. ಬಕೆಟ್‌ಗಳು, ಒಂದು ನೀಲಿ ಡ್ರಮ್, ಯಾರದೋ ತಾಮ್ರದ ಕೊಡ ನಮ್ಮ ಮನೆಯಲ್ಲೇ ಇವೆ. ಕೊಡಕ್ಕೆ ನೀರು ತುಂಬಿಲ್ಲ, ತಂಗಿ ಬಿಡಲಿಲ್ಲ. ಭಾನುವಾರ ಸಂಜೆ ಬಂದು ಗುರುತು ಹಿಡಿದು ತಗೊಂಡು ಹೋಗಿ. ಮಂಡಕ್ಕಿ, ಮಿರ್ಚಿ ಮಾಡಿಸಿರುತ್ತೇನೆ. ಗುಂಡನಿಗೆ ಅಂತ ಯಾರೂ ಏನೂ ತರಬೇಡಿ, ಅವನದು ಇನ್ನೂ ಪಥ್ಯ.