ಅಪ್ಪನ ಕೋಣೆಗೆ 210 ಹೆಜ್ಜೆ

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ಅಪ್ಪನ್ನ ಆ ಕಡೆ ಬಿಟ್ಟುಬಿಟ್ಟೆಯಾ ಅಮ್ಮ?" ಅಂದೆ. ಆಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ನೀನೂ ಅಳುತ್ತಿದ್ದೆ. ಡಲ್ಲಾಸ್‌ನಲ್ಲಿ ರಾತ್ರಿಯಾಗಿತ್ತು, ಹಾಗೇ ಮಲಗಿದೆಯೋ ಏನೋ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಬಾಗಿಲಿಂದ ಅಪ್ಪನ ಕೋಣೆಗೆ 210 ಹೆಜ್ಜೆ. ಎಣಿಸಿದ್ದೇನೆ. ಹೊಂಗೆ ಮರದ ಪಕ್ಕದ ದಾರಿ, ಊಟದ ಹಾಲ್, ಆಮೇಲೆ ನಂಬರ್ ಒತ್ತಿ ತೆಗೆಯುವ ಒಂದು ಬಾಗಿಲು. ದಿನಕ್ಕೆ ಮೂರು ಸಲ ಹೋಗಿ ಬರುತ್ತೇನೆ.

2022ರಲ್ಲಿ ತುಮಕೂರಿನ ಮನೆ ಮಾರಿ ಕನಕಪುರ ರಸ್ತೆಯ ಈ ಜಾಗಕ್ಕೆ ಬಂದಾಗ ನೆಂಟರೆಲ್ಲ ವೃದ್ಧಾಶ್ರಮ ಅಂದರು. ನಿನಗೂ ಇಷ್ಟ ಇರಲಿಲ್ಲ. ಗಟ್ಟಿಯಾಗಿ ನಿಂತವರು ಅಪ್ಪನೇ. ಇಲ್ಲಿ ತಾವೇ ಎಲ್ಲ ಮಾಡಿಕೊಳ್ಳುವವರಿಗೆ ಬೇರೆ ಬೇರೆ ಮನೆ. ಸ್ನಾನಕ್ಕೋ ಮಾತ್ರೆಗೋ ಒಬ್ಬರ ಕೈ ಬೇಕಾದವರಿಗೆ ಅಸಿಸ್ಟೆಡ್ ಲಿವಿಂಗ್. ನೆನಪು ಹೋದವರಿಗೆ, ಹಾಸಿಗೆ ಹಿಡಿದವರಿಗೆ ಹಗಲೂ ರಾತ್ರಿ ನರ್ಸ್ ಇರುವ ಇನ್ನೊಂದು ಕಟ್ಟಡ. ಅದನ್ನೆಲ್ಲ ನೋಡಿ ಅಪ್ಪ ಹೇಳಿದ್ದರು, "ನಮ್ಮಿಬ್ಬರಲ್ಲಿ ಯಾರು ಮೊದಲು ಮಲಗ್ತೀವೋ ಗೊತ್ತಿಲ್ಲ. ಮಲಗಿದವರೂ ಇದೇ ಕಾಂಪೌಂಡಿನೊಳಗೆ ಇರಲಿ."

ಮರೆವು ಶುರುವಾಗಿದ್ದು ನಿನಗೆ ಗೊತ್ತು. ನಿನಗೆ ಹೇಳದೆ ಉಳಿಸಿಕೊಂಡದ್ದು ರಾತ್ರಿಗಳನ್ನು. ಸಂಜೆ ಐದಾದರೆ ಅಪ್ಪ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದರು. "ಲೈನ್ ಹೋಗಿದೆ, ಡ್ಯೂಟಿಗೆ ಹೋಗಬೇಕು." ಬೆಳಕು ಇಳಿಯುವ ಹೊತ್ತಿಗೆ ಗಲಿಬಿಲಿ ಜಾಸ್ತಿಯಾಗುವುದು ಈ ಕಾಯಿಲೆಯಲ್ಲಿ ಸಾಮಾನ್ಯವಂತೆ. ಡಾಕ್ಟರು ಅದಕ್ಕೆ ಸನ್‌ಡೌನಿಂಗ್ ಅಂತಾರೆ. ಕೆಇಬಿ ಹೋಗಿ 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಬೆಸ್ಕಾಂ ಬಂತು, ಅಪ್ಪ ರಿಟೈರ್ ಆಗಿದ್ದೂ ಬೆಸ್ಕಾಂನಿಂದಲೇ. ಆದರೆ ಅವರ ತಲೆಯಲ್ಲಿ ಉಳಿದಿರುವುದು ಕೆಇಬಿ ಒಂದೇ.

ಕಳೆದ ಮಾರ್ಚ್‌ನಲ್ಲಿ ಒಂದು ರಾತ್ರಿ ಎರಡೂವರೆಗೆ ಎಚ್ಚರವಾಯಿತು. ಫ್ಯಾನ್ ನಿಂತಿತ್ತು. ಅಪ್ಪ ಮೇನ್ ಸ್ವಿಚ್ ಆಫ್ ಮಾಡಿ ಕತ್ತಲಲ್ಲಿ ಸ್ಟೂಲ್ ಹತ್ತಿದ್ದರು. ಟಾರ್ಚ್ ಹುಡುಕಲು ಹೋಗಿ ನಾನು ಮಂಚಕ್ಕೆ ಎಡವಿ ಬಿದ್ದೆ. ಎದ್ದವಳೇ ಅವರನ್ನು ಕೆಳಗಿಳಿಸಿ ತೋಳಿಗೆ ಹೊಡೆದೆ. ಹೌದು ಪುಟ್ಟಿ, ಹೊಡೆದೆ. ಅವರು ಕೈ ಮುಗಿದು, "ತಪ್ಪಾಯ್ತು ಅಮ್ಮಾ, ಈಗಲೇ ಕರೆಂಟ್ ಕೊಡ್ತೀನಿ" ಅಂದರು. ನಾನು ಯಾರು ಅಂತ ಅವರಿಗೆ ಗೊತ್ತಿರಲಿಲ್ಲ. ಯಾವುದೋ ಮನೆಯ ಹೆಂಗಸು ಬೈಯುತ್ತಿದ್ದಾಳೆ ಅಂದುಕೊಂಡಿದ್ದರು. ಬೆಳಗಾಗುವವರೆಗೂ ನಾನು ಅಡುಗೆಮನೆಯಲ್ಲೇ ಕೂತಿದ್ದೆ.

ಆಮೇಲೆ ಒಂದು ಏಜೆನ್ಸಿಯಿಂದ ರಾತ್ರಿಗೆ ಹುಡುಗರನ್ನು ಇಟ್ಟೆ. ಎರಡು ತಿಂಗಳಲ್ಲಿ ಐದು ಜನ ಬದಲಾದರು. ಒಬ್ಬೊಬ್ಬರು ಹೊಸದಾಗಿ ಬಂದಾಗಲೂ ಅಪ್ಪ ಇನ್ನಷ್ಟು ಹೆದರುತ್ತಿದ್ದರು.

ಇಲ್ಲಿನ ನರ್ಸ್ ಬಂದು ಒಂದು ಪಟ್ಟಿ ಹಿಡಿದು ಕೂತರು. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಟಾಯ್ಲೆಟ್ಟಿಗೆ ಹೋಗುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. ಕ್ಯಾಟ್ಜ್ ಅನ್ನುವ ಅಮೆರಿಕದ ಡಾಕ್ಟರು 1963ರಷ್ಟು ಹಿಂದೆಯೇ ಮಾಡಿದ ಪಟ್ಟಿ ಅದು. ಆರರಲ್ಲಿ ಅಪ್ಪ ತಾವಾಗಿಯೇ ಮಾಡುವುದು ಎರಡು ಮಾತ್ರ. ಉಳಿದ ನಾಲ್ಕನ್ನೂ ನಾನು ಮಾಡುತ್ತಿದ್ದೆ. ಅಷ್ಟು ದಿನ ಅದನ್ನು ಲೆಕ್ಕ ಹಾಕಿರಲೇ ಇಲ್ಲ.

ಅಪ್ಪನನ್ನು ನರ್ಸ್ ಇರುವ ಆ ಕಟ್ಟಡಕ್ಕೆ ಸೇರಿಸಿದ ಮೊದಲ ವಾರ ಕಷ್ಟವಾಯಿತು. ಸುಳ್ಳು ಹೇಳುವುದಿಲ್ಲ. ಬಾಗಿಲ ಹಿಂದೆ ಅವರು ಬೀಗ ಎಳೆಯುವ ಸದ್ದು ಕೇಳಿಸಿಕೊಂಡು ವಾಪಸ್ ಬಂದಿದ್ದೇನೆ. ಆಮೇಲೆ ಆ ಕಡೆ ಕೆಲಸ ಮಾಡುವ ರಾಯಚೂರಿನ ಹುಡುಗಿ ಒಂದು ಉಪಾಯ ಮಾಡಿದಳು. ಸಂಜೆ ಐದಕ್ಕೆ ಉದ್ದದ ನೋಟ್‌ಬುಕ್ ಕೊಟ್ಟು, "ಸರ್, ರೀಡಿಂಗ್ ಬರ್ಕೋರಿ" ಅನ್ನುತ್ತಾಳೆ. ಅಪ್ಪ ಅವಳ ಜೊತೆ ಕೋಣೆ ಕೋಣೆಗೆ ಹೋಗಿ ಬಾಗಿಲಿನ ನಂಬರ್ ಬರೆದುಕೊಳ್ಳುತ್ತಾರೆ. ಸಹಿ ಹಾಕಿ ವಾಪಸ್ ಕೊಡುತ್ತಾರೆ. ಡ್ಯೂಟಿ ಮುಗಿಯಿತು. ಊಟ ಮಾಡಿ ಮಲಗುತ್ತಾರೆ.

ನಾನೂ ರಾತ್ರಿ ಮಲಗುತ್ತೇನೆ. ಬೆಳಿಗ್ಗೆ ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಹೋಗಿ ಅವರ ಪಕ್ಕ ಕೂರುತ್ತೇನೆ. ಉಗುರು ಕತ್ತರಿಸುತ್ತೇನೆ, ಕಿತ್ತಳೆ ಸುಲಿದು ಕೊಡುತ್ತೇನೆ. ಸ್ನಾನ ಮಾಡಿಸಲು ಜಗಳ ಆಡುವುದು ಈಗ ನನ್ನ ಪಾಲಿಗಿಲ್ಲ.

ನಿನ್ನ ಅತ್ತೆ ಮಾವನಿಗೂ ಇಂಥ ಜಾಗ ನೋಡುತ್ತಿದ್ದೀರಿ ಅಂದೆಯಲ್ಲ. ಈಜುಕೊಳ, ಹೂದೋಟ ನೋಡಿ ಮರುಳಾಗಬೇಡಿ. ಕೊನೆಯ ಕಟ್ಟಡಕ್ಕೆ ಮೊದಲು ಹೋಗಿ, ಅದೂ ರಾತ್ರಿ ಊಟದ ಹೊತ್ತಿಗೆ. ಎಷ್ಟು ಜನರಿಗೆ ಒಬ್ಬ ನರ್ಸ್ ಅಂತ ನೋಡಿ. ಒಬ್ಬರು ಮಲಗಿದರೆ ಅಲ್ಲಿ ಹಾಸಿಗೆ ಸಿಗುತ್ತದಾ, ಕಾಯಬೇಕಾ, ಯಾವಾಗ ಬದಲಿಸಬೇಕು ಅಂತ ಯಾರು ತೀರ್ಮಾನ ಮಾಡುತ್ತಾರೆ, ಠೇವಣಿ ಎಷ್ಟು ವಾಪಸ್ ಬರುತ್ತದೆ, ಎಲ್ಲ ಬರವಣಿಗೆಯಲ್ಲಿ ಕೇಳಿ. 2019ರಲ್ಲಿ ಕೇಂದ್ರದ ವಸತಿ ಸಚಿವಾಲಯ ಇಂಥ ಜಾಗಗಳಿಗೆ ಮಾದರಿ ನಿಯಮ ಹೊರಡಿಸಿದೆ. ಮಾದರಿ ಅಷ್ಟೇ. ಒಪ್ಪಂದದಲ್ಲಿ ಏನಿದೆಯೋ ಅದೇ ಕೈಗೆ ಬರುವುದು. ನಮಗೀಗ ತಿಂಗಳಿಗೆ ಎರಡು ಬಿಲ್, ನನ್ನ ಮನೆಯದೊಂದು, ಅವರ ಕೋಣೆಯದೊಂದು. ಡೈಪರ್, ಔಷಧಿ, ಫಿಸಿಯೋ ಬೇರೆ. ನಮ್ಮ ಆರೋಗ್ಯ ವಿಮೆ ಆಸ್ಪತ್ರೆ ಸೇರಿದರೆ ಕೊಡುತ್ತದೆ, ದಿನದಿನದ ಆರೈಕೆಗೆ ಕೊಡುವುದಿಲ್ಲ.

ಇನ್ನೊಂದು ವಿಷಯ. ಅಪ್ಪ ನನ್ನನ್ನು ಬಹುವಚನದಲ್ಲಿ ಮಾತಾಡಿಸಲು ಶುರುಮಾಡಿ ವರ್ಷವಾಯಿತು. "ಕೂತ್ಕೊಳ್ಳಿ", "ಕಾಫಿ ಚೆನ್ನಾಗಿದೆ ನಿಮ್ದು" ಅನ್ನುತ್ತಾರೆ. ಮೊನ್ನೆ ಗುರುವಾರ ವರಾಂಡದ ಟ್ಯೂಬ್‌ಲೈಟ್ ಮಿಣುಕುತ್ತಿತ್ತು. ತಲೆ ಎತ್ತಿ ನೋಡಿ, "ಚೋಕ್ ಹೋಗಿದೆ ನೋಡೇ, ಹೇಳು ಅವ್ನಿಗೆ" ಅಂದರು. ನೋಡೇ ಅಂದರು ಪುಟ್ಟಿ. ಎಲೆಕ್ಟ್ರಿಷಿಯನ್ ಬಂದು ಬಿಚ್ಚಿದ, ಚೋಕೇ ಹೋಗಿತ್ತು. ಮರುಕ್ಷಣ ನಾನು ಮತ್ತೆ "ನೀವು" ಆದೆ. ಪರವಾಗಿಲ್ಲ.

ಡಿಸೆಂಬರ್‌ನಲ್ಲಿ ಬಂದಾಗ ಬೆಳಿಗ್ಗೆ ಹತ್ತರ ಹೊತ್ತಿಗೆ ಹೋಗೋಣ, ಆಗ ಅವರ ಮನಸ್ಸು ತಿಳಿಯಾಗಿರುತ್ತದೆ. ನಾನ್ಯಾರು ಗೊತ್ತಾ ಅಂತ ಮಾತ್ರ ಕೇಳಬೇಡ. ಪಕ್ಕ ಕೂತು ಕೈ ಹಿಡಿದುಕೋ, ಸಾಕು. ಚಾಕೊಲೇಟ್ ತರಬೇಡ, ನುಂಗಲು ಕಷ್ಟ. ಗೆರೆ ಇರುವ ಉದ್ದದ ನೋಟ್‌ಬುಕ್ ಎರಡು ತಾ. ಈಗಿನದರಲ್ಲಿ ನಾಲ್ಕೇ ಹಾಳೆ ಉಳಿದಿವೆ.

ನಿನ್ನ
ಅಮ್ಮ